ಸೋಸಲೆಯಲ್ಲಿ ಹೊಳೆ ದಾಟಿದ ಹೇರೆತ್ತುಗಳು

ತಿರುಮಕೂಡಲು ನರಸೀಪುರದ ಹತ್ತಿರದ ಸೋಸಲೆ ಎಂದರೆ ವ್ಯಾಸರಾಜ ಮಠದ ಊರು ಎಂದೇ ಹೆಚ್ಚಿನವರಿಗೆ ಗೊತ್ತು. 1799ರ ಮಾರ್ಚ್ ಕೊನೆಯಲ್ಲಿ, ಟಿಪ್ಪುವಿನ ಮೇಲೆ ಹೊರಟಿದ್ದ ಜನರಲ್ ಹ್ಯಾರಿಸ್‌ನ ಸೇನೆ ಕಾವೇರಿಯನ್ನು ದಾಟಿದ್ದು ಇಲ್ಲಿಯೇ. ಆ ಸೇನೆಯ ತೋಪುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದರ ನಡುವೆ ನಡೆದುಬಂದ ಎತ್ತುಗಳ ಕಥೆ ಮಾತ್ರ ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಆ ಎತ್ತುಗಳಲ್ಲಿ ಬಹಳಷ್ಟು ಲಂಬಾಣಿಗಳವು. 17ನೆಯ ಶತಮಾನದಲ್ಲಿ ಮೊಗಲ್ ಸೇನೆಗಳಿಗೆ ಧಾನ್ಯ ಒದಗಿಸುತ್ತ ದಖ್ಖನ್ನಿಗೆ ಬಂದ ಈ ಜನ ಹೆಂಡಿರು ಮಕ್ಕಳ ಸಮೇತ ತಾಂಡಾ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಧಾನ್ಯ ಅವರ ಸ್ವಂತದ್ದು, ದಂಡಿನಲ್ಲಿ ಮಾರುತ್ತಿದ್ದರು. ದಾರಿಯಲ್ಲಿ ಶತ್ರುಗಳ ಕುದುರೆಪಡೆಯ ಭಯ. ಹಾಗಾಗಿ ಅವರಿಗೆ ಸೇನೆಯ ಕಾವಲು ಬೇಕು, ಸೇನೆಗೆ ಅವರ ಅಕ್ಕಿ ಬೇಕು. (ಮುಂದೆ ಇದೇ ಜನರನ್ನು ಕೆಲವು ಪ್ರಾಂತಗಳಲ್ಲಿ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದ್ದು ಬೇರೆ ಕಥೆ.)

ಹ್ಯಾರಿಸ್‌ನ ಸೇನೆ ನಡೆದದ್ದು ಟೊಳ್ಳಾದ ಆಯತದ ಆಕಾರದಲ್ಲಿ: ಅಗಲ ಸುಮಾರು 5 ಕಿ.ಮೀ., ಉದ್ದ 11 ಕಿ.ಮೀ. ಅಂಚಿನಲ್ಲಿ ಸಿಪಾಯಿಗಳು, ಒಳಗೆ ಹೇರೆತ್ತು, ಸಾಮಾನು, ಸಂತೆ. ಕಾವಲೇನೋ ಸಿಕ್ಕಿತು, ಮೇವು? ಒಂದು ಎತ್ತಿಗೆ ದಿನಕ್ಕೆ 6 ಕಿಲೋ ಒಣಮೇವು ಎಂದಿಟ್ಟುಕೊಂಡರೂ ಹತ್ತು ಸಾವಿರ ಎತ್ತಿಗೆ 60 ಟನ್ ಬೇಕು. ಅಷ್ಟನ್ನು ಹೊತ್ತು ಸಾಗುವುದು ಅಸಾಧ್ಯ. ದಾರಿಯಲ್ಲೇ ಸಿಗಬೇಕು. 1791ರಲ್ಲಿ ನದಿಯ ಉತ್ತರದ ದಾರಿ ಹಿಡಿದ ಕಾರ್ನ್‌ವಾಲಿಸ್‌ನ ಎತ್ತುಗಳು ಮೇವಿಲ್ಲದೆ, ರೋಗದಿಂದ ಸತ್ತವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಆತ ಹಿಂದಿರುಗಬೇಕಾಯಿತು. ಟಿಪ್ಪು ಇದನ್ನು ಮರೆತಿರಲಿಲ್ಲ. 1799ರಲ್ಲಿ ಅದೇ ದಾರಿಯ ಮೇವನ್ನು ಸುಡಿಸಿದ. ಮಳವಳ್ಳಿಯ ಕಾಳಗದ ನಂತರ ಹ್ಯಾರಿಸ್ ಆ ದಾರಿ ಬಿಟ್ಟು ಸೋಸಲೆಗೆ ತಿರುಗಿದ. ಬೇಸಿಗೆಯಾದ್ದರಿಂದ ಹೊಳೆಯಲ್ಲಿ ನೀರು ಕಡಿಮೆ, ದಕ್ಷಿಣದ ಕಡೆ ಮೇವು ಉಳಿದಿತ್ತು. ಅದು ಆ ಊರುಗಳ ರೈತರ ದನಗಳ ಮೇವು ಎಂಬುದನ್ನೂ ಹೇಳಬೇಕು.

ಅಲ್ಲಿಂದ ಶ್ರೀರಂಗಪಟ್ಟಣ ನೇರ ಅಳತೆಯಲ್ಲಿ 30 ಕಿ.ಮೀ.ಗೆ ತುಸು ಹೆಚ್ಚು. ಸೇನೆ ತಲುಪಿದ್ದು ಏಪ್ರಿಲ್ 5ರಂದು. ಏಪ್ರಿಲ್ 16ರಂದು ಅಕ್ಕಿಯ ಮೂಟೆಗಳನ್ನು ಅಳೆಸಿದಾಗ ಹ್ಯಾರಿಸ್ ಬೆಚ್ಚಿದ. ಸೋರಿಕೆ, ಕಳ್ಳತನದಿಂದ ಕರಗಿ, ಅರ್ಧ ಪಡಿಯಲ್ಲಿ ಕೊಟ್ಟರೂ ಸೈನಿಕರಿಗೆ 18 ದಿನಕ್ಕಷ್ಟೇ ಉಳಿದಿತ್ತು. 16ಕ್ಕೆ 18 ಕೂಡಿಸಿ ನೋಡಿ: ಮೇ 4. ಕೋಟೆಗೆ ನುಗ್ಗಿದ್ದು ಅದೇ ದಿನ. ಕಾವೇರಿಪುರದ ಘಟ್ಟದ ಕಡೆಯಿಂದ ಫ್ಲಾಯ್ಡ್‌ನ ಪಡೆಯ ಕಾವಲಿನಲ್ಲಿ ಹೊರಟಿದ್ದ ಲಂಬಾಣಿಗಳ ಧಾನ್ಯ ಪಟ್ಟಣ ಮುಟ್ಟುವ ವೇಳೆಗೆ ಯುದ್ಧ ಮುಗಿದುಹೋಗಿತ್ತು.