ಆರರವರೆಗೆ ಏರಿ ಇಳಿಯುವ ಹಾರ

27994681ನ್ನು 441ರಿಂದ ಗುಣಿಸಬೇಕು. ಕಾಗದವಿಲ್ಲ, ಹಲಗೆಯ ಮೇಲೆ ಹರಡಿದ ಧೂಳು, ಗೀಚಲು ಬೆರಳು, ಅಷ್ಟೇ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ ಇಟ್ಟ ಲೆಕ್ಕ ಇದು. ಬೆವರು ಹರಿಸಿ ಮುಗಿಸಿದವನಿಗೆ ಸಿಗುವ ಉತ್ತರ 12345654321.

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ ಎಂದು ಓದುತ್ತ ಹೋದರೆ ಇದರ ಚೆಲುವು ಕಾಣಿಸದು. ಅಂಕಿಗಳನ್ನಷ್ಟೇ ನೋಡಬೇಕು. ಒಂದರಿಂದ ಆರರವರೆಗೆ ಏರುತ್ತವೆ, ಬಂದ ಮೆಟ್ಟಿಲಲ್ಲೇ ಇಳಿಯುತ್ತವೆ.

ಮಹಾವೀರ ಜೈನ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ಗ್ರಂಥದ ಆರಂಭದಲ್ಲೇ ಅರಸನನ್ನು ಹೊಗಳುತ್ತಾನೆ. ಅದೇ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವೂ ಹುಟ್ಟಿತು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದು ಎಡವಿದವನೂ ಇವನೇ. ಆದರೆ ಗುಣಾಕಾರದಲ್ಲಿ ಅವನ ಕೈ ಪಳಗಿತ್ತು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಎತ್ತ ಕಡೆಯಿಂದ ಓದಿದರೂ ಒಂದೇ ಆಗಿರುವ ಇಂಥ ಫಲಗಳಲ್ಲಿ ಕೆಲವನ್ನು ಅವನು ಅರಸರ ಕೊರಳ ಹಾರವೆಂದೇ ಕರೆದ.

ಬರೀ ಅಲಂಕಾರವೇ? ಇರಲಾರದು. ಧೂಳಿನ ಹಲಗೆಯಲ್ಲಿ ಒಂದೊಂದು ಹೆಜ್ಜೆಗೂ ಹಿಂದಿನ ಅಂಕಿಯನ್ನು ಒರೆಸಿ ಹೊಸದನ್ನು ಬರೆಯಬೇಕಿತ್ತು. ಕೊನೆಗೆ ಉಳಿಯುವುದು ಉತ್ತರ ಮಾತ್ರ. ಎಲ್ಲಿ ತಪ್ಪಿದೆ ಎಂದು ಹುಡುಕಲು ಜಾಡೇ ಇಲ್ಲ. ಉತ್ತರ ಹಾರವಾಗಿದ್ದರೆ ಒಂದು ಮಣಿ ತಪ್ಪಿದರೂ ಕಣ್ಣಿಗೆ ಕುಕ್ಕುತ್ತದೆ. ಶಿಷ್ಯ ಗುರುವಿನ ಬಳಿ ಓಡಬೇಕಾಗಿಲ್ಲ. ಇನ್ನೊಂದು ಅನುಕೂಲ ಪದ್ಯದ್ದು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು ಎಂದು ಪದಗಳಲ್ಲಿ ಸಂಖ್ಯೆ ಹೇಳುವಾಗ ಬಿಡಿಸ್ಥಾನದಿಂದ ಎಡಕ್ಕೆ ಸಾಗುವುದು ವಾಡಿಕೆ. ಹಾರಕ್ಕೆ ಆ ಗೊಡವೆಯೇ ಇಲ್ಲ. ಒಂದರಿಂದ ಆರರವರೆಗೆ, ಮತ್ತೆ ಕ್ರಮವಾಗಿ ಕಡಿಮೆ ಎಂದರೆ ಹನ್ನೊಂದು ಅಂಕಿಯೂ ಮುಗಿದವು.

ಈ ಸಂಖ್ಯೆಯ ಒಳಗುಟ್ಟು 111111ರಲ್ಲಿದೆ; ಅದರ ವರ್ಗವೇ 12345654321. ಆರು ಒಂದುಗಳನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರದು 5291, ಅದರ ವರ್ಗ 27994681. ಲೆಕ್ಕದ ಎರಡೂ ತುದಿಗಳು ಹೀಗೆ ಸಿಕ್ಕವು. ಅಂಕಿಗಳ ಮೊತ್ತವೂ 36, ಆರರ ವರ್ಗ.

ಆರಕ್ಕೇ ಏಕೆ ನಿಲ್ಲಬೇಕು? ಒಂಬತ್ತು ಒಂದುಗಳವರೆಗೂ ಹಾರ ಚೆನ್ನಾಗಿಯೇ ಬರುತ್ತದೆ. ಆದರೆ ಏಳು ಒಂದುಗಳನ್ನು ಒಡೆದರೆ ಸಿಗುವುದು 239 ಮತ್ತು 4649 ಮಾತ್ರ. ಅವುಗಳ ವರ್ಗ 57121, 21613201. 441ರಂತೆ ವರ್ಗವೂ ಆಗಿರುವ ಮೂರಂಕಿಯ ಪುಟ್ಟ ಗುಣಕ ಅಲ್ಲಿ ಹುಟ್ಟುವುದಿಲ್ಲ. ಹತ್ತು ಒಂದುಗಳಿಗೆ ಹೋದರೆ ದಶಕ ಏರಿ ಹಾರವೇ ಹರಿಯುತ್ತದೆ: 1234567900987654321.