ದಾಯಾದಿ ಭಾಷೆಯ ಪುಟ್ಟ ಪದಗಳು: ಡಚ್ಚರು ಇಂಗ್ಲಿಷ್ ಕಲಿತ ಬಗೆ

ಉತ್ತರ ಸಮುದ್ರದ ಒಂದು ದಡದಲ್ಲಿ ಇಂಗ್ಲೆಂಡ್, ಎದುರು ದಡದಲ್ಲಿ ಹಾಲೆಂಡ್ ಮತ್ತು ಫ್ಲಾಂಡರ್ಸ್. ಈ ಎರಡು ದಡಗಳ ಭಾಷೆಗಳು ಜರ್ಮಾನಿಕ್ ಎಂಬ ಒಂದೇ ಮನೆತನದ ದಾಯಾದಿಗಳು. ಇಂಗ್ಲಿಷಿನ ‘ವಾಟರ್’ ಡಚ್ಚಿನಲ್ಲಿ ‘ವಾತರ್’, ಇಂಗ್ಲಿಷಿನ ‘ಬುಕ್’ ಡಚ್ಚಿನಲ್ಲಿ ‘ಬೂಕ್’. ಹೀಗಿದ್ದ ಮೇಲೆ ಡಚ್ಚರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು ಎಂದು ಯಾರಿಗಾದರೂ ತೋರೀತು. ಆದರೆ ಮಾತಿಗೆ ಮಾತು ಜೋಡಿಸುವ ಪುಟ್ಟ ಪದಗಳ ಬಳಿ ಬಂದಾಗ ಈ ನೆಂಟಸ್ತಿಕೆಯೇ ತೊಡಕಾಗುತ್ತದೆ. ನಮ್ಮ ಶಾಲಾ ವ್ಯಾಕರಣ ‘ಸಂಬಂಧಾರ್ಥಕ ಅವ್ಯಯ’ ಎಂದು ಕರೆಯುವ ಮತ್ತು, ಅಥವಾ, ಆದರೆ, ಏಕೆಂದರೆ ಮುಂತಾದವೇ ಆ ಪದಗಳು.

ಈ ಕಲಿಕೆ ಹಳೆಯದು. 16ನೆಯ ಶತಮಾನದಲ್ಲಿ ಆಂಟ್‌ವರ್ಪ್ ನಗರ ಯುರೋಪಿನ ದೊಡ್ಡ ಪೇಟೆಯಾಗಿತ್ತು. ಅಲ್ಲಿನ ಶಾಲಾ ಮೇಷ್ಟರು ನೋಯೆಲ್ ದ ಬೆರ್ಲೆಮಾಂ ವ್ಯಾಪಾರಿಗಳಿಗಾಗಿ ಡಚ್ ಮತ್ತು ಫ್ರೆಂಚ್ ಸಂಭಾಷಣೆಗಳ ಪುಸ್ತಕವೊಂದನ್ನು ಬರೆದರು. ಮುಂದೆ ಇತರರು ಅದಕ್ಕೆ ಬೇರೆ ಭಾಷೆಗಳನ್ನೂ ಸೇರಿಸುತ್ತ ಹೋದರು. ಆ ಶತಮಾನದ ಉತ್ತರಾರ್ಧದ ಮುದ್ರಣಗಳಲ್ಲಿ ಇಂಗ್ಲಿಷೂ ಬಂತು. ಊಟದ ಮೇಜಿನ ಮಾತು, ಕೊಳ್ಳುವ ಮಾರುವ ಮಾತು, ಸಾಲ ವಸೂಲಿಯ ಮಾತು ಎಲ್ಲವೂ ಅದರಲ್ಲಿದ್ದವು.

ಸಾಲದ ಮಾತಿನಲ್ಲಿ ಒಂದು ಪುಟ್ಟ ಪದ ಎಷ್ಟು ತೂಗಬಹುದು ಎಂಬುದನ್ನು ನೋಡಿ. ಡಚ್ಚಿನ ‘ಆಲ್ಸ್’ ಎಂಬ ಪದಕ್ಕೆ ಇಂಗ್ಲಿಷಿನ ‘ಇಫ್’ ಮತ್ತು ‘ವೆನ್’ ಎರಡರ ಅರ್ಥವೂ ಉಂಟು. ‘ಆಂಸ್ಟರ್‌ಡ್ಯಾಮಿಗೆ ಬಂದಾಗ ಹಣ ಕೊಡುತ್ತೇನೆ’ ಎಂದು ಭರವಸೆ ಕೊಡುವ ಡಚ್ಚನು ಇಂಗ್ಲಿಷಿನಲ್ಲಿ ‘ವೆನ್’ ಬದಲು ‘ಇಫ್’ ಎಂದುಬಿಟ್ಟರೆ ಅದು ‘ಬಂದರೆ ಕೊಡುತ್ತೇನೆ’ ಎಂದಾಗುತ್ತದೆ. ಭರವಸೆ ಹೋಗಿ ಅನುಮಾನ ಉಳಿಯುತ್ತದೆ. ಕನ್ನಡದಲ್ಲಿ ‘ಬಂದರೆ’ ಬೇರೆ, ‘ಬಂದಾಗ’ ಬೇರೆ. ಆದ್ದರಿಂದ ನಮಗೆ ಈ ಗೊಂದಲ ಅಷ್ಟಾಗಿ ಕಾಡದು.

ಇನ್ನೊಂದು ಪದ ‘ಒಫ್’. ಬರೆದಾಗ ಇದರ ಅಕ್ಷರಗಳು ಇಂಗ್ಲಿಷಿನ ‘ಆಫ್’ನವೇ. ಆದರೆ ಡಚ್ಚಿನಲ್ಲಿ ಇದರ ಅರ್ಥ ‘ಅಥವಾ’. ‘ಅವನು ಬರುತ್ತಾನೋ ಇಲ್ಲವೋ ತಿಳಿಯದು’ ಎನ್ನುವಲ್ಲಿಯೂ ಇದೇ ಪದ ಬರುತ್ತದೆ. ಹೀಗಾಗಿ ಹೊಸದಾಗಿ ಕಲಿಯುವವನು ‘ಐ ಡು ನಾಟ್ ನೋ ಆರ್ ಹೀ ಕಮ್ಸ್’ ಎನ್ನುವುದುಂಟು. ಅಲ್ಲಿ ಬೇಕಾದದ್ದು ‘ವೆದರ್’ ಅಥವಾ ‘ಇಫ್’.

‘ಬಿಕಾಸ್’ ಎನ್ನಲು ಡಚ್ಚರಲ್ಲಿ ಎರಡು ಪದಗಳಿವೆ: ‘ವಾಂಟ್’ ಮತ್ತು ‘ಒಮ್‌ದತ್’. ಮೊದಲನೆಯದು ಬಂದರೆ ವಾಕ್ಯ ಇಂಗ್ಲಿಷಿನಂತೆಯೇ ಸಾಗುತ್ತದೆ: ‘ಏಕೆಂದರೆ ನಾನು ಇದ್ದೇನೆ ಕಾಯಿಲೆ’ ಎಂಬ ಜೋಡಣೆ. ಎರಡನೆಯದು ಬಂದರೆ ಕ್ರಿಯಾಪದ ಕನ್ನಡದಲ್ಲಿರುವಂತೆ ಕೊನೆಗೆ ಸರಿಯುತ್ತದೆ. ಇಂಗ್ಲಿಷಿನಲ್ಲಿ ಈ ಸ್ಥಾನಪಲ್ಲಟವೇ ಇಲ್ಲ. ಡಚ್ಚನು ಹುಟ್ಟಿನಿಂದ ಬಂದ ಈ ಅಭ್ಯಾಸವನ್ನು ಬಿಡಬೇಕು.

ಸ್ವಾರಸ್ಯವೆಂದರೆ, ಸಾವಿರ ವರ್ಷಗಳ ಹಿಂದಿನ ಇಂಗ್ಲಿಷರಿಗೆ ಇದು ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಥಾ’ ಎಂಬ ಒಂದೇ ಪದಕ್ಕೆ ‘ಆಗ’ ಮತ್ತು ‘ಅವನು ಬಂದಾಗ’ ಎನ್ನುವಲ್ಲಿನ ‘ಆಗ’ ಎರಡೂ ಅರ್ಥಗಳಿದ್ದವು. ಯಾವುದು ಎಂಬುದನ್ನು ಬಹುಮಟ್ಟಿಗೆ ಕ್ರಿಯಾಪದ ನಿಂತ ಸ್ಥಳವೇ ತಿಳಿಸುತ್ತಿತ್ತು. ಡಚ್ಚಿನ ‘ತೂನ್’ ಇಂದಿಗೂ ಹಾಗೆಯೇ ನಡೆದುಕೊಳ್ಳುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಇಂಗ್ಲಿಷಿನ ಪದಕ್ರಮ ಒಂದೇ ಜಾಡಿಗೆ ಬಿತ್ತು. ಫ್ರೆಂಚ್ ಪದಗಳೂ ಧಾರಾಳವಾಗಿ ಒಳಬಂದವು. ‘ಬಿಕಾಸ್’ ಕೂಡ ಅಂಥ ಬೆರಕೆಯೇ: ‘ಬಿ’ ಇಂಗ್ಲಿಷಿನದು, ‘ಕಾಸ್’ ಫ್ರೆಂಚಿನಿಂದ ಬಂದದ್ದು. ಅಂದರೆ ಡಚ್ಚರು ಕಾಪಾಡಿಕೊಂಡು ಬಂದ ಕಟ್ಟಡವನ್ನು ಇಂಗ್ಲಿಷರು ಕೆಡವಿ ಕಟ್ಟಿಕೊಂಡರು.

ಈ ತೊಡಕಿನಿಂದ ಒಂದು ದೊಡ್ಡ ಲಾಭವೂ ಆಯಿತು. 1863ರಲ್ಲಿ ಪ್ರಧಾನಿ ಥೋರ್ಬೆಕೆಯವರ ಶಿಕ್ಷಣ ಕಾನೂನು ಹೊಸ ಬಗೆಯ ಪ್ರೌಢಶಾಲೆಗಳನ್ನು ತೆರೆಯಿತು. ಅಲ್ಲಿ ಫ್ರೆಂಚ್, ಜರ್ಮನ್‌ಗಳ ಜೊತೆಗೆ ಇಂಗ್ಲಿಷನ್ನೂ ಕಲಿಸಬೇಕಿತ್ತು. ಕಲಿಸುವವರಿಗೆ ‘ಹೀಗೇ ಏಕೆ?’ ಎಂಬ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಬೇಕಿತ್ತು. ಇಂಗ್ಲಿಷರಿಗೆ ತಮ್ಮ ನುಡಿ ಮನೆಮಾತು. ಅವರು ಪ್ರಶ್ನಿಸದೆ ಬಿಟ್ಟದ್ದನ್ನು ಡಚ್ ಮೇಷ್ಟರು ಕೂತು ಬಿಡಿಸಿದರು. ಶಿಕ್ಷಕ ಹೆಂಡ್ರಿಕ್ ಪೌಟ್ಸ್ಮಾ ಅವರ ಬೃಹತ್ ಇಂಗ್ಲಿಷ್ ವ್ಯಾಕರಣದ ಮೊದಲ ಭಾಗ 1904ರಲ್ಲಿ ಹೊರಬಂತು; ಸಂಪುಟಗಳ ಕೆಲಸ 1920ರ ದಶಕದವರೆಗೂ ನಡೆಯಿತು. ಎಟ್ಸ್ಕೊ ಕ್ರೌಸಿಂಗಾ ಮತ್ತೊಂದು ಕೈಪಿಡಿ ಬರೆದರು. 1919ರಲ್ಲಿ ‘ಇಂಗ್ಲಿಷ್ ಸ್ಟಡೀಸ್’ ಎಂಬ ನಿಯತಕಾಲಿಕೆ ನೆದರ್ಲೆಂಡ್ಸಿನಲ್ಲೇ ಹುಟ್ಟಿತು. 1945ರಲ್ಲಿ ಪ್ರಕಟವಾದ ಝಂಡ್‌ವೋರ್ಟ್ ಅವರ ವ್ಯಾಕರಣವನ್ನು ಹೊರದೇಶಗಳ ವಿದ್ಯಾರ್ಥಿಗಳೂ ಓದಿದರು.

ಇಂದು ನೆದರ್ಲೆಂಡ್ಸಿನಲ್ಲಿ ಇಂಗ್ಲಿಷ್ ಬಲ್ಲವರು ಬಹಳ. ಆದರೂ ಶಾಲಾ ಮಕ್ಕಳು ‘ಆಲ್ಸ್’ ಎದುರಾದಾಗ ಈಗಲೂ ಒಂದು ಕ್ಷಣ ತಡೆದು ಯೋಚಿಸಬೇಕು: ಹೇಳಬೇಕಾದದ್ದು ‘ಬಂದರೆ’ಯೋ, ‘ಬಂದಾಗ’ಲೋ? ಆಂಟ್‌ವರ್ಪಿನ ವ್ಯಾಪಾರಿಗೂ ಇದೇ ಯೋಚನೆ ಇದ್ದಿರಬೇಕು. ಅವನ ಮಟ್ಟಿಗೆ ಅದು ಅಂಕದ ಮಾತಲ್ಲ, ಹಣದ ಮಾತು.