ಗುಜರಿಯಿಂದ ಎದ್ದು ಬಂದ ಲಿಬರೇಟರುಗಳು

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಡೆಡ್‌ಲೈನ್ ಅನ್ನೋ ನೆಪ ಇದ್ದೇ ಇದೆ ಬಿಡಿ :)

ಹೋದ ವಾರ ಊರಿನಲ್ಲಿ ಅಜ್ಜನ ಹಳೇ ಟ್ರಂಕ್ ತೆಗೆಯುವಾಗ ಅಪ್ಪ ಒಂದು ಮಾತು ಹೇಳಿದರು: "ಅಜ್ಜ ಎಚ್.ಎ.ಎಲ್. ಸೇರಿದ ಹೊಸದರಲ್ಲಿ, ಗುಜರಿಯಿಂದ ಎತ್ತಿ ತಂದಿದ್ದ ವಿಮಾನಗಳನ್ನ ರಿಪೇರಿ ಮಾಡ್ತಿದ್ರಂತೆ." ನಾನು ನಕ್ಕುಬಿಟ್ಟೆ. ಗುಜರಿ ವಿಮಾನವನ್ನು ಯಾರಾದರೂ ಹಾರಿಸುತ್ತಾರಾ? ಆಮೇಲೆ ಹುಡುಕುತ್ತಾ ಕೂತೆ ನೋಡಿ, ನಗು ನಿಂತೇ ಹೋಯಿತು.

ಆ ವಿಮಾನದ ಹೆಸರು ಬಿ-24 ಲಿಬರೇಟರ್. ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕಾ ಇಂಥವನ್ನು 18,000ಕ್ಕೂ ಹೆಚ್ಚು ತಯಾರಿಸಿತು. ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಲು ಬ್ರಿಟಿಷರು ಇವನ್ನು ಭಾರತಕ್ಕೂ ತಂದಿದ್ದರು, ಅಮೆರಿಕಾದಿಂದ ಎರವಲು ಪಡೆದು. ಯುದ್ಧ ಮುಗಿಯಿತು. ಎರವಲಿನ ವಿಮಾನವನ್ನು ವಾಪಸ್ ಕೊಡಬೇಕು, ದುಡ್ಡು ಕೊಟ್ಟು ಕೊಳ್ಳಬೇಕು, ಇಲ್ಲವೇ ನಾಶ ಮಾಡಬೇಕು. ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಂತಿದ್ದ ಲಿಬರೇಟರುಗಳಿಗೆ ಮೂರನೆಯದೇ ಗತಿಯಾಯಿತು. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಅವನ್ನು ಕೆಡಿಸಿ ಬಿಟ್ಟುಹೋದರು. ಅಮೆರಿಕಾದಲ್ಲೂ ಅಷ್ಟೇ. ಅರಿಝೋನಾದ ಕಿಂಗ್‌ಮನ್ ಎಂಬಲ್ಲಿ ಸಾವಿರಾರು ಬಾಂಬರುಗಳನ್ನು ತುಂಡು ಮಾಡಿ, ಕರಗಿಸಿ, ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಗೆದ್ದವರಿಗೆ ಅವು ಬೇಕಿರಲಿಲ್ಲ.

ನಮಗೆ ಬೇಕಿತ್ತು. ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ವಾಯುಪಡೆಯ ಹತ್ತಿರ ಒಂದೂ ಭಾರೀ ಬಾಂಬರ್ ಇರಲಿಲ್ಲ. ಬೆಂಗಳೂರಿನಲ್ಲಿ ಎಚ್.ಎ.ಎಲ್. ಇತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ ಕಾರ್ಖಾನೆ. 1943ರಿಂದ ಅಮೆರಿಕನ್ನರು ಅದನ್ನೇ ತಮ್ಮ ವಿಮಾನಗಳ ದೊಡ್ಡ ರಿಪೇರಿ ಡಿಪೋ ಮಾಡಿಕೊಂಡಿದ್ದರು. ಹಾಗಾಗಿ ನಮ್ಮ ಮೆಕ್ಯಾನಿಕ್ಕುಗಳಿಗೆ ಕೈ ಪಳಗಿತ್ತು.

1948ರಲ್ಲಿ ಎಚ್.ಎ.ಎಲ್.ನವರು ಕಾನ್ಪುರಕ್ಕೆ ಹೋದರು. ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಒಂದು ಸಲ ಹಾರುವಷ್ಟು ಸರಿ ಮಾಡಿದರು. ಅವನ್ನು ಒಂದೊಂದಾಗಿ ಇಲ್ಲಿಗೆ ಹಾರಿಸಿ ತಂದದ್ದು ಪೈಲಟ್ ಜಮ್‌ಶೆಡ್ ಮುನ್ಶಿ. ಟೆಸ್ಟಿಂಗ್ ಆಗದ ಕೋಡನ್ನು ಪ್ರೊಡಕ್ಷನ್‌ಗೆ ಹಾಕಲು ಕೈ ನಡುಗುವ ನನ್ನಂಥವನಿಗೆ ಇದನ್ನು ಓದಿಯೇ ಎದೆ ಝಲ್ ಅಂದಿತು. ಇಲ್ಲಿ ಪೂರ್ತಿ ರಿಪೇರಿಯಾಗಿ ಸುಮಾರು 40 ಲಿಬರೇಟರುಗಳು ವಾಯುಪಡೆ ಸೇರಿದವು. ಆಮೇಲೆ ಸಮುದ್ರದ ಕಾವಲಿಗೂ ಬಂದವು. ಬೇರೆ ದೇಶಗಳೆಲ್ಲ ಕೈಬಿಟ್ಟ ಮೇಲೂ, 1968ರ ತನಕ ನಮ್ಮಲ್ಲಿ ಹಾರುತ್ತಲೇ ಇದ್ದವು.

ಅಷ್ಟು ಹೊತ್ತಿಗೆ ಮ್ಯೂಸಿಯಮ್ಮಿನವರಿಗೆ ಜ್ಞಾನೋದಯವಾಗಿತ್ತು. 18,000ದಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು! ಭಾರತದಿಂದ ಒಂದು ಕೆನಡಾಕ್ಕೆ ಹೋಯಿತು, ಇನ್ನೊಂದು 1969ರಲ್ಲಿ ಅರಿಝೋನಾಕ್ಕೆ, ಮತ್ತೊಂದು 1974ರಲ್ಲಿ ಇಂಗ್ಲೆಂಡಿಗೆ. ಒಂದನ್ನು 1980ರ ದಶಕದಲ್ಲಿ ಬಿಚ್ಚಿ ಸಾಗಿಸಿ, ಅಮೆರಿಕಾದಲ್ಲಿ ಮತ್ತೆ ಜೋಡಿಸಿ, 1989ರಲ್ಲಿ ಹಾರಿಸಿದರು. ದೆಹಲಿಯ ಪಾಲಂ ಮ್ಯೂಸಿಯಮ್ಮಿನಲ್ಲೂ ಒಂದಿದೆ.

ನನಗೆ ಚುಚ್ಚಿದ್ದು ಬೇರೆಯದೇ. ಇಂಗ್ಲೆಂಡಿಗೆ ಹೋದದ್ದಕ್ಕೆ ಬ್ರಿಟಿಷ್ ವಾಯುಪಡೆಯ ಬಣ್ಣ ಬಳಿದರು, ಕೆನಡಾದ್ದಕ್ಕೆ ಕೆನಡಾದ ಬಣ್ಣ, 1989ರಲ್ಲಿ ಹಾರಿದ್ದಕ್ಕೆ ಅಮೆರಿಕಾದ ಬಣ್ಣ. ಅವರ ಯುದ್ಧದ ನೆನಪು ಅವರಿಗೆ ದೊಡ್ಡದು, ತಪ್ಪು ಅನ್ನಲಾರೆ. ಆದರೆ ಯುದ್ಧದಲ್ಲಿ ಆ ವಿಮಾನಗಳು ಕಳೆದದ್ದು ಎಷ್ಟು ದಿನ? ನಮ್ಮಲ್ಲಿ ದುಡಿದದ್ದು 20 ವರ್ಷ. ಆ 20 ವರ್ಷವೇ ಅವನ್ನು ಉಳಿಸಿದ್ದು. ಅದೇ ಬಣ್ಣದ ಕೆಳಗೆ ಮುಚ್ಚಿಹೋಯಿತು. ಪೂಜೆ ಮಾಡೋಣ ಅಂತ ನಾವೂ ಅವನ್ನು ಉಳಿಸಲಿಲ್ಲ, ಬೇರೆ ಗತಿ ಇಲ್ಲದೆ ಉಳಿಸಿದೆವು. ಆದರೂ ಉಳಿಸಿದ್ದು ನಾವೇ.

ಬಣ್ಣ ಬಳಿದವರನ್ನು ಬೈದೇನು ಪ್ರಯೋಜನ? ಮುನ್ಶಿಯವರ ಹೆಸರಾದರೂ ಉಳಿದಿದೆ. ನಟ್ಟು ಬೋಲ್ಟು ಬಿಗಿದವರದ್ದು? ನನ್ನ ಅಜ್ಜನ ಜೊತೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೆ, ಒಂದು ದಿನವೂ "ಅಜ್ಜ, ನೀವು ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಲಿಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ಸ್ಪ್ಯಾನರ್. ಲಿಬರೇಟರಿನದೋ, ಮನೆಯ ನಲ್ಲಿ ಬಿಚ್ಚಲು ಇಟ್ಟುಕೊಂಡದ್ದೋ, ಹೇಳುವವರಿಲ್ಲ.

ನಿಮ್ಮ ಮನೆಯಲ್ಲಿ ಎಚ್.ಎ.ಎಲ್.ನಲ್ಲಿ ದುಡಿದ ಹಿರಿಯರು ಇದ್ದರೆ ಇವತ್ತೇ ಕೂತು ಕೇಳಿ. ಕೇಳಿದ್ದನ್ನು ಬರೆಯಿರಿ. ನಾನು ಓದಲು ಕಾಯುತ್ತಿರುತ್ತೇನೆ.